ಹುಟ್ಟಿದಾಗಿನಿಂದ ನಿಲ್ಲದ ಕಫದ ಕೆಮ್ಮು: ಪಿಸಿಡಿ ಅನ್ನೋ ಕಾಯಿಲೆ ಪತ್ತೆ ಆಗೋಕೆ ವರ್ಷಗಟ್ಟಲೆ ಯಾಕೆ ಹಿಡಿಯುತ್ತೆ?

ಮಕ್ಕಳಿಗೆ ಕೆಮ್ಮು ನೆಗಡಿ ಬರೋದು ದೊಡ್ಡ ವಿಷಯ ಅಲ್ಲ. ಮಂಡ್ಯ ಕಡೆ ಕಬ್ಬು ಕಡಿದು ತರಗು ಸುಡೋ ಹೊತ್ತಿಗೆ, ಮೈಸೂರಲ್ಲಿ ಮಾಗಿ ಚಳಿ ಬಿದ್ದ ಮೇಲೆ, ಯಾವ ಮಕ್ಕಳ ಡಾಕ್ಟರ ಕ್ಲಿನಿಕ್ಕಿಗೆ ಹೋದ್ರೂ ಬೆಂಚಿನ ತುಂಬ ಮೂಗು ಸೋರಿಸ್ಕೊಂಡು ಕೆಮ್ಮೋ ಮಕ್ಕಳೇ ಕೂತಿರ್ತವೆ. ಬಹುಪಾಲು ವಾರ ಹತ್ತು ದಿನಕ್ಕೆ ಸರಿ ಹೋಗ್ತವೆ. ಆದ್ರೆ ತುಂಬ ಅಪರೂಪಕ್ಕೆ ಒಂದು ಮಗುಗೆ ಮಾತ್ರ ಈ ಕೆಮ್ಮು ನಿಲ್ಲೋದೇ ಇಲ್ಲ, ಬೇಸಿಗೇಲೂ ಇರುತ್ತೆ ಮಳೆಗಾಲದಲ್ಲೂ ಇರುತ್ತೆ, ಔಷಧಿ ಕೊಟ್ಟಾಗ ಸ್ವಲ್ಪ ತಗ್ಗಿ ಮತ್ತೆ ಶುರು.

ಇದನ್ನ ಈಗ ಬರೆಯೋಕೆ ಕಾರಣ ಇದೆ. ಮದ್ದೂರು ಕಡೆ ನಮ್ಮ ನೆಂಟರ ಮನೆಯ ಒಬ್ಬ ಹುಡುಗನಿಗೆ ಒಂಬತ್ತನೇ ವಯಸ್ಸಲ್ಲಿ "ಪ್ರೈಮರಿ ಸಿಲಿಯರಿ ಡಿಸ್ಕಿನೇಸಿಯಾ" ಇದೆ ಅಂತ ಗೊತ್ತಾಯ್ತು, ಚಿಕ್ಕದಾಗಿ ಪಿಸಿಡಿ ಅಂತಾರೆ. ಮನೆಯವರ ವಾಟ್ಸಾಪ್ ಗ್ರೂಪಲ್ಲಿ ಅವತ್ತಿಂದ ಪ್ರಶ್ನೆಗಳ ಸುರಿಮಳೆ. ಇದು ಅಂಟುತ್ತಾ? ಆಸ್ತಮಾನೇ ತಾನೆ ಇದು? ಹುಟ್ಟಿನಿಂದ್ಲೇ ಇತ್ತು ಅಂದ್ರೆ ಇಷ್ಟು ವರ್ಷ ಯಾವ ಡಾಕ್ಟ್ರಿಗೂ ಯಾಕೆ ತಿಳೀಲಿಲ್ಲ? ಮೊದಲ ಎರಡಕ್ಕೆ ಉತ್ತರ ಸುಲಭ. ಇದು ಅಂಟೋ ಕಾಯಿಲೆ ಅಲ್ಲ, ವಂಶವಾಹಿಯಿಂದ ಬರೋದು. ಆಸ್ತಮಾನೂ ಅಲ್ಲ. ಮೂರನೇ ಪ್ರಶ್ನೆಗೆ ಉತ್ತರ ಹೇಳ್ಬೇಕು ಅಂದ್ರೆ ಮೂಗಿನ ಒಳಗಿಂದ ಶುರು ಮಾಡಬೇಕು.

ಉಸಿರಿನ ದಾರಿ ತನ್ನನ್ನ ತಾನೇ ಹೇಗೆ ಗುಡಿಸ್ಕೊಳ್ಳುತ್ತೆ

ನಾವು ಎಳೆದುಕೊಳ್ಳೋ ಗಾಳಿ ಜೊತೆ ಧೂಳು, ಹೊಗೆ, ಬ್ಯಾಕ್ಟೀರಿಯಾ ಎಲ್ಲ ಒಳಗೆ ಹೋಗುತ್ತೆ. ಅದನ್ನ ಹಿಡಿಯೋಕೆ ಮೂಗಿಂದ ಹಿಡಿದು ಶ್ವಾಸಕೋಶದ ಸಣ್ಣ ನಾಳಗಳವರೆಗೂ ಒಳಗೋಡೆ ಮೇಲೆ ತೆಳ್ಳಗೆ ಲೋಳೆ ಹರಡ್ಕೊಂಡಿರುತ್ತೆ. ಧೂಳು ಅದಕ್ಕೆ ಅಂಟಿಕೊಳ್ಳುತ್ತೆ. ಅಂಟಿಕೊಂಡಿದ್ದು ಅಲ್ಲೇ ಕೂತ್ರೆ ಕೊಳೆಯುತ್ತೆ, ಅದಕ್ಕೇ ಆ ಲೋಳೆಯನ್ನ ಮೇಲಕ್ಕೆ, ಗಂಟಲ ಕಡೆಗೆ ತಳ್ತಾ ಇರೋಕೆ ಒಂದು ವ್ಯವಸ್ಥೆ ಇದೆ. ಗಂಟಲಿಗೆ ಬಂದಿದ್ದನ್ನ ನಮಗೇ ಗೊತ್ತಿಲ್ಲದ ಹಾಗೆ ನುಂಗಿಬಿಡ್ತೀವಿ.

ತಳ್ಳೋ ಕೆಲಸ ಮಾಡೋದು ಸಿಲಿಯಾ. ಉಸಿರಿನ ದಾರಿಯ ಒಳಪದರದ ಜೀವಕೋಶಗಳ ಮೇಲೆ ಇರೋ ಅತಿ ಸಣ್ಣ ರೋಮಗಳು ಇವು. ಒಂದೊಂದು ಜೀವಕೋಶದ ಮೇಲೆ ಸುಮಾರು 200 ಇರ್ತವೆ. ಉದ್ದ 6-7 ಮೈಕ್ರಾನ್ ಅಷ್ಟೆ, ಅಂದ್ರೆ ನೂರೈವತ್ತನ್ನ ತುದಿಗೆ ತುದಿ ಸೇರಿಸಿ ಇಟ್ರೂ ಒಂದು ಮಿಲಿಮೀಟರ್ ಆಗೋದು ಕಷ್ಟ. ಸೆಕೆಂಡಿಗೆ ಹತ್ತು ಸಲಕ್ಕೂ ಹೆಚ್ಚು ಬಡೀತವೆ, ನಾವು ಮಲಗಿದ್ರೂ ನಿಲ್ಲಲ್ಲ.

ಬರೀ ಬಡಿದ್ರೆ ಸಾಲದು, ಒಂದೇ ದಿಕ್ಕಿಗೆ, ಒಂದರ ಹಿಂದೆ ಒಂದು ಬಡೀಬೇಕು. ಮಂಡ್ಯದ ನಾಲಾ ಬಯಲಲ್ಲಿ ತೆನೆ ಕಟ್ಟಿದ ಭತ್ತದ ಗದ್ದೆ ಮೇಲೆ ಗಾಳಿ ಬೀಸಿದಾಗ ನೋಡಿದ್ದೀರಲ್ಲ, ಒಂದೊಂದು ಪೈರು ನಿಂತಲ್ಲೇ ಬಾಗಿ ಏಳುತ್ತೆ ಅಷ್ಟೆ, ಆದ್ರೆ ಅಲೆ ಈ ಬದುವಿಂದ ಆ ಬದುವಿನವರೆಗೂ ಓಡುತ್ತೆ. ಸಿಲಿಯಾ ಮಾಡೋದೂ ಇದೇ. ಆ ಅಲೆ ಮೇಲೆ ಲೋಳೆ ಸಾಗುತ್ತೆ. ಪೈರು ಗಟ್ಟಿಯಾಗಿ ನಿಂತುಬಿಟ್ರೆ ಅಲೆ ಇಲ್ಲ. ಒಂದೊಂದೂ ತನಗೆ ತೋಚಿದ ಕಡೆ ಬಾಗಿದ್ರೂ ಅಲೆ ಇಲ್ಲ.

ಪಿಸಿಡಿಯಲ್ಲಿ ಕೆಡೋದು ಏನು

ಒಂದು ಸಿಲಿಯಾನ ಅಡ್ಡಕ್ಕೆ ಕತ್ತರಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಸುತ್ತ ಒಂಬತ್ತು ಜೊತೆ ಕೊಳವೆ, ಮಧ್ಯದಲ್ಲಿ ಎರಡು ಕೊಳವೆ ಕಾಣ್ತವೆ. ಸುತ್ತಲಿನ ಕೊಳವೆಗಳಿಗೆ ಡೈನೀನ್ ಅನ್ನೋ ಪ್ರೋಟೀನಿನ ಪುಟ್ಟ ಕೈಗಳಿರ್ತವೆ. ಈ ಕೈಗಳೇ ಮೋಟರು. ಅವು ಪಕ್ಕದ ಕೊಳವೆಯನ್ನ ಹಿಡಿದು ಜಾರಿಸಿದಾಗ ಇಡೀ ರೋಮ ಬಾಗುತ್ತೆ.

ಇಷ್ಟು ಸಣ್ಣ ವಸ್ತುವನ್ನ ಕಟ್ಟೋಕೆ ನೂರಾರು ಪ್ರೋಟೀನು ಬೇಕು, ಒಂದೊಂದಕ್ಕೂ ಒಂದೊಂದು ಜೀನ್ ಇದೆ. ಅದರಲ್ಲಿ 50ಕ್ಕೂ ಹೆಚ್ಚು ಜೀನ್‌ಗಳಲ್ಲಿ ಯಾವುದು ಕೆಟ್ಟರೂ ಪಿಸಿಡಿ ಬರಬಹುದು ಅಂತ ಇಲ್ಲಿವರೆಗೂ ಪತ್ತೆ ಆಗಿದೆ. ಒಂದು ಜೀನ್ ಕೆಟ್ಟರೆ ಹೊರಗಿನ ಕೈ ಇರಲ್ಲ, ಇನ್ನೊಂದು ಕೆಟ್ಟರೆ ಒಳಗಿನ ಕೈ, ಮತ್ತೊಂದು ಕೆಟ್ಟರೆ ಮಧ್ಯದ ಜೋಡಿ. ಕೆಲವರಲ್ಲಿ ಸಿಲಿಯಾ ಅಲ್ಲಾಡೋದೇ ಇಲ್ಲ, ಕೆಲವರಲ್ಲಿ ಗಟ್ಟಿಯಾಗಿ ನಡುಗುತ್ತೆ, ಕೆಲವರಲ್ಲಿ ಸುತ್ತುತ್ತೆ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಟೆಸ್ಟುಗಳ ವಿಷಯಕ್ಕೆ ಬಂದಾಗ ಬೇಕಾಗುತ್ತೆ. ಹೆಸರು ಒಂದೇ ಆದ್ರೂ ಒಳಗೆ ಹತ್ತಾರು ಬಗೆ ಇದೆ.

ಸಿಲಿಯಾ ಕೆಲಸ ಮಾಡದಿದ್ರೆ ಲೋಳೆ ನಿಲ್ಲುತ್ತೆ. ನಿಂತಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ. ಮೂಗು ಸದಾ ಕಟ್ಟಿರುತ್ತೆ, ಸೈನಸ್ ತುಂಬಿಕೊಳ್ಳುತ್ತೆ, ಮಧ್ಯಕಿವಿಯಲ್ಲಿ ಅಂಟುನೀರು ನಿಲ್ಲುತ್ತೆ, ಎದೆಯಲ್ಲಿ ಕಫ ಕಟ್ಟುತ್ತೆ. ವರ್ಷಾನುಗಟ್ಟಲೆ ಹೀಗೇ ಸೋಂಕು ತಗುಲ್ತಾ ಇದ್ರೆ ಶ್ವಾಸನಾಳದ ಗೋಡೆ ಸಡಿಲ ಆಗಿ ಹಿಗ್ಗಿಬಿಡುತ್ತೆ, ಇದಕ್ಕೆ ಬ್ರಾಂಕಿಯೆಕ್ಟೇಸಿಸ್ ಅಂತಾರೆ. ಒಂದು ಸಲ ಹಿಗ್ಗಿ ಹಾಳಾದ ನಾಳ ಸಾಮಾನ್ಯವಾಗಿ ಮೊದಲಿನ ಹಾಗೆ ಆಗಲ್ಲ. ಕಾಯಿಲೆ ಬೇಗ ಪತ್ತೆ ಆಗ್ಬೇಕು ಅಂತ ಇಷ್ಟು ಒತ್ತಿ ಹೇಳೋದು ಇದಕ್ಕೇ.

ಹೃದಯ ಬಲಕ್ಕೆ ಹೋಗೋದು ಯಾಕೆ

ಪಿಸಿಡಿ ಇರೋರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಒಳಗಿನ ಅಂಗಗಳು ಎಡಬಲ ಅದಲುಬದಲಾಗಿರ್ತವೆ. ಹೃದಯ ಬಲಕ್ಕೆ, ಲಿವರ್ ಎಡಕ್ಕೆ. ಕೇಳೋಕೆ ಗಾಬರಿ ಅನ್ಸುತ್ತೆ, ಆದ್ರೆ ಎಲ್ಲವೂ ಪೂರ್ತಿಯಾಗಿ ಅದಲುಬದಲಾಗಿದ್ರೆ ಅದರಿಂದ್ಲೇ ತೊಂದರೆ ಆಗೋದು ಕಮ್ಮಿ. ಅರ್ಧಂಬರ್ಧ ಬದಲಾಗಿರೋ ಕೆಲವರಲ್ಲಿ ಹುಟ್ಟಿನಿಂದ ಹೃದಯದ ದೋಷ ಇರಬಹುದು, ಅದನ್ನ ಬೇರೆಯಾಗಿ ನೋಡ್ಬೇಕು.

ಇದು ಹೇಗಾಗುತ್ತೆ ಅಂದ್ರೆ, ಹೊಟ್ಟೆಯಲ್ಲಿ ಭ್ರೂಣ ಇನ್ನೂ ಕೆಲವು ವಾರದ್ದಾಗಿದ್ದಾಗ ಅದರ ಮೇಲೆ ಒಂದು ಪುಟ್ಟ ಗುಳಿ ಇರುತ್ತೆ, ಅಲ್ಲಿನ ಸಿಲಿಯಾ ಸುತ್ತುತ್ತಾ ದ್ರವವನ್ನ ಎಡಗಡೆಗೆ ಹರಿಸ್ತವೆ. ಆ ಹರಿವಿನಿಂದಲೇ ದೇಹಕ್ಕೆ ಇದು ಎಡ ಇದು ಬಲ ಅಂತ ಗೊತ್ತಾಗೋದು. ಹರಿವೇ ಇಲ್ಲದಿದ್ರೆ ಹೃದಯ ಎಡಕ್ಕೆ ಹೋದ್ರೂ ಹೋಯ್ತು, ಬಲಕ್ಕೆ ಹೋದ್ರೂ ಹೋಯ್ತು. ಅದಕ್ಕೇ ಅರ್ಧಕ್ಕರ್ಧ.

ಸ್ವಿಟ್ಜರ್ಲೆಂಡಿನ ಡಾಕ್ಟರ್ ಮಾನೆಸ್ ಕಾರ್ಟಜೆನರ್ 1933ರಲ್ಲಿ ಸೈನಸ್ ತೊಂದರೆ, ಹಿಗ್ಗಿದ ಶ್ವಾಸನಾಳ, ಅದಲುಬದಲಾದ ಅಂಗ ಈ ಮೂರೂ ಒಟ್ಟಿಗೆ ಇರೋ ರೋಗಿಗಳ ಬಗ್ಗೆ ಬರೆದ್ರು, ಇವತ್ತಿಗೂ ಈ ಗುಂಪಿಗೆ ಕಾರ್ಟಜೆನರ್ ಸಿಂಡ್ರೋಮ್ ಅಂತಾನೇ ಹೆಸರು. ಆದ್ರೆ ಮೂರಕ್ಕೂ ನಂಟು ಏನು ಅನ್ನೋದು ತಿಳಿಯೋಕೆ ನಾಲ್ಕು ದಶಕ ಹಿಡೀತು. 1976ರಲ್ಲಿ ಸ್ವೀಡನ್ನಿನ ವಿಜ್ಞಾನಿ ಬ್ಯೋರ್ನ್ ಅಫ್ಜೆಲಿಯಸ್ ಮಕ್ಕಳಾಗದ ಗಂಡಸರ ವೀರ್ಯಾಣುಗಳನ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ನೋಡಿ ಅವುಗಳ ಬಾಲದಲ್ಲಿ ಡೈನೀನ್ ಕೈಗಳೇ ಇಲ್ಲ ಅಂತ ತೋರಿಸಿದ್ರು. ವೀರ್ಯಾಣುವಿನ ಬಾಲ, ಉಸಿರಿನ ದಾರಿಯ ಸಿಲಿಯಾ ಎರಡಕ್ಕೂ ಕಟ್ಟಡ ಒಂದೇ. ಅಂಗಗಳು ಅದಲುಬದಲಾಗೋಕೂ ಇದೇ ಕಾರಣ ಇರಬೇಕು ಅಂತ ಅವರು ಅವತ್ತೇ ಊಹೆ ಮಾಡಿದ್ರು.

ಇಲ್ಲಿ ನಮಗೆ ಬೇಕಾಗಿರೋದು ಇನ್ನೊಂದು ವಿಷಯ. ಅರ್ಧದಷ್ಟು ಜನಕ್ಕೆ ಅಂಗ ಬದಲಾಗಿರುತ್ತೆ ಅಂದ್ರೆ ಇನ್ನರ್ಧಕ್ಕೆ ಹೃದಯ ಇರಬೇಕಾದ ಕಡೆಯೇ ಇರುತ್ತೆ. ಭ್ರೂಣದ ಆ ಸಿಲಿಯಾದಲ್ಲಿ ಮಧ್ಯದ ಜೋಡಿ ಕೊಳವೆ ಇರಲ್ಲ, ಹಾಗಾಗಿ ಮಧ್ಯದ ಜೋಡಿ ಮಾತ್ರ ಕೆಡೋ ಬಗೆಯ ಪಿಸಿಡಿಯಲ್ಲಿ ಅಂಗಗಳು ಅದಲುಬದಲಾಗೋ ಪ್ರಶ್ನೆಯೇ ಇಲ್ಲ. "ಹೃದಯ ಎಡಕ್ಕೇ ಇದೆ, ಹಾಗಾದ್ರೆ ಪಿಸಿಡಿ ಅಲ್ಲ" ಅಂತ ಬಿಟ್ಟುಬಿಟ್ರೆ ಇಂಥ ಮಕ್ಕಳು ಕೈತಪ್ಪಿ ಹೋಗ್ತಾರೆ. ಯುರೋಪಿನ 26 ದೇಶಗಳ ಮಕ್ಕಳ ಮಾಹಿತಿ 2010ರಲ್ಲಿ ಬಂತು. ಒಟ್ಟಾರೆ ಪತ್ತೆ ಆಗೋ ವಯಸ್ಸಿನ ಮಧ್ಯಾಂಕ 5.3 ವರ್ಷ (ಅಂದ್ರೆ ಅರ್ಧ ಮಕ್ಕಳಿಗೆ ಅದಕ್ಕೂ ಮುಂಚೆ, ಇನ್ನರ್ಧಕ್ಕೆ ಆಮೇಲೆ), ಅಂಗ ಅದಲುಬದಲಾಗಿದ್ದವರಲ್ಲಿ 3.5, ಇಲ್ಲದವರಲ್ಲಿ 5.8. ಸೌಲಭ್ಯ ಇರೋ ದೇಶಗಳ ಕಥೆಯೇ ಹೀಗೆ.

ಪ್ರತಿ ಲಕ್ಷಣಕ್ಕೂ ಬೇರೆ ಹೆಸರು ಮೊದಲೇ ರೆಡಿ ಇರುತ್ತೆ

ನನ್ನ ಪ್ರಕಾರ ಪತ್ತೆ ತಡ ಆಗೋದಕ್ಕೆ ದೊಡ್ಡ ಕಾರಣ ಇದೇ. ಪಿಸಿಡಿಯ ಒಂದೊಂದು ಲಕ್ಷಣವನ್ನ ಬಿಡಿಬಿಡಿಯಾಗಿ ನೋಡಿದ್ರೆ ಪ್ರತಿಯೊಂದೂ ಮಾಮೂಲಿ ಕಾಯಿಲೆ ಥರಾನೇ ಕಾಣುತ್ತೆ, ಮತ್ತೆ ಒಂದೊಂದು ಲಕ್ಷಣವನ್ನೂ ಬೇರೆ ಬೇರೆ ಡಾಕ್ಟರು ಬೇರೆ ಬೇರೆ ವರ್ಷದಲ್ಲಿ ನೋಡಿರ್ತಾರೆ.

ಹುಟ್ಟಿನಿಂದ ಶುರು ಮಾಡೋಣ. ಪಿಸಿಡಿ ಇರೋ ಐದರಲ್ಲಿ ನಾಲ್ಕು ಮಕ್ಕಳಿಗೆ ಹುಟ್ಟಿದಾಗಲೇ ಉಸಿರಾಟದ ತೊಂದರೆ ಆಗಿರುತ್ತೆ. ದಿನ ತುಂಬಿ ಹುಟ್ಟಿದ ಮಗು, ತೂಕ ಚೆನ್ನಾಗಿದೆ, ಅತ್ತಿದೆ, ಹಾಲು ಕುಡಿದಿದೆ, ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಮೇಲುಸಿರು ಶುರುವಾಗಿ ಆಕ್ಸಿಜನ್ ಬೇಕಾಗುತ್ತೆ. ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಬೇಕಾಗುತ್ತೆ. ನವಜಾತ ಶಿಶುಗಳಲ್ಲಿ ನ್ಯುಮೋನಿಯಾ, ಶ್ವಾಸಕೋಶದಲ್ಲಿ ಉಳಿದ ನೀರು ಇವೆಲ್ಲ ಸಾಮಾನ್ಯ, ಹಾಗಾಗಿ ಆ ಹೆಸರೇ ಬೀಳುತ್ತೆ. ಆದ್ರೆ ಉಳಿದ ನೀರಿನಿಂದ ಬರೋ ಮೇಲುಸಿರು ಹುಟ್ಟಿದ ಕೂಡ್ಲೇ ಕಾಣಿಸ್ಕೊಂಡು ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿದುಬಿಡುತ್ತೆ. ತಡವಾಗಿ ಶುರುವಾಗಿ ಬೇಗ ಬಿಡದೇ ಇರೋದು ಪಿಸಿಡಿ ಕಡೆ ಕೈ ತೋರಿಸೋ ಗುರುತು. ಮಗು ಹುಷಾರಾಗಿ ಮನೆಗೆ ಬಂದ್ಮೇಲೆ ಈ ಸಂಗತಿ ಯಾರ ತಲೇಲೂ ಉಳಿಯಲ್ಲ. ನಮ್ಮ ಹುಡುಗನ ವಿಷಯದಲ್ಲೂ ಅಷ್ಟೆ, ಅವರಮ್ಮನನ್ನ ಒಬ್ಬ ಡಾಕ್ಟ್ರು ಬಿಡಿಸಿ ಬಿಡಿಸಿ ಕೇಳಿದಾಗಲೇ ಅದು ಹೊರಗೆ ಬಂದಿದ್ದು: "ಉಟ್ಟಿದ್ ಮಾರ್ನೆ ದಿನ ಗಾಜಿನ್ ಪೆಟ್ಗೇಲಿ ಇಟ್ಟಿದ್ರು ಸಾ, ಅವತ್ನಿಂದ್ಲೂವೆ ಎದೇಲಿ ಗೊರಗೊರ ಅನ್ನೋದು ನಿಂತಿದ್ದೇ ನಾ ಕಾಣೆ, ಮೂಗಂತೂ ಯಾವಾಗ್ಲೂ ಕಟ್ಟೇ ಇರ್ತದೆ." ಆ ಎರಡು ಮಾತಲ್ಲಿ ಪಿಸಿಡಿಯ ಮೂರು ಮುಖ್ಯ ಗುರುತುಗಳಿವೆ, ಹುಟ್ಟಿದಾಗಿನ ಉಸಿರಾಟದ ತೊಂದರೆ, ಹಸುಗೂಸಿನಿಂದಲೇ ನಿಲ್ಲದ ಕಫ, ವರ್ಷವಿಡೀ ಕಟ್ಟಿದ ಮೂಗು.

ಆಮೇಲೆ ಕೆಮ್ಮು. ಆರೋಗ್ಯವಾಗಿರೋ ಚಿಕ್ಕ ಮಗುಗೂ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗೋದು ಮಾಮೂಲಿ, ಅಂಗನವಾಡಿಗೆ ಹಾಕಿದ ಮೇಲಂತೂ ಕೇಳೋದೇ ಬೇಡ. ವ್ಯತ್ಯಾಸ ಎಲ್ಲಿದೆ ಅಂದ್ರೆ, ಆ ಮಕ್ಕಳಿಗೆ ಒಂದು ನೆಗಡಿಗೂ ಇನ್ನೊಂದಕ್ಕೂ ನಡುವೆ ಎದೆ ಪೂರ್ತಿ ಖಾಲಿ ಆಗುತ್ತೆ. ಪಿಸಿಡಿ ಮಗುಗೆ ಆ ನಡುವಿನ ಒಳ್ಳೆ ದಿನಗಳೇ ಇರಲ್ಲ. ಕೆಮ್ಮು ಒಣ ಕೆಮ್ಮಲ್ಲ, ಕೇಳಿದ್ರೇ ಕಫ ಇದೆ ಅಂತ ಗೊತ್ತಾಗೋ ಹಸಿ ಕೆಮ್ಮು. ಆದ್ರೆ ನಮ್ಮಲ್ಲಿ "ಮಗುದು ಶೀತದ ಮೈ", "ಅವರಪ್ಪನಿಗೂ ಹಿಂಗೇ ಇತ್ತು", "ಆಲೆಮನೆ ಹೊಗೆ ಆಗಿಬರಲ್ಲ" ಅಂತ ಒಂದಲ್ಲ ಒಂದು ಸಮಾಧಾನ ಸಿಕ್ಕೇ ಸಿಗುತ್ತೆ. ಹೊಗೆ ಧೂಳಿಂದ ಕೆಮ್ಮು ಜಾಸ್ತಿ ಆಗೋದು ನಿಜವೇ, ಅದರಿಂದ್ಲೇ ಮೂಲ ಕಾರಣ ಇನ್ನಷ್ಟು ಮುಚ್ಚಿಹೋಗುತ್ತೆ.

ಕ್ಲಿನಿಕ್ಕಲ್ಲಿ ಆಸ್ತಮಾ ಅಥವಾ ಅಲರ್ಜಿ ಅಂತ ಇನ್‌ಹೇಲರ್ ಕೊಡ್ತಾರೆ. ತಪ್ಪು ಅಂತ ಹೇಳೋಕಾಗಲ್ಲ, ಯಾಕಂದ್ರೆ ನೂರು ಕೆಮ್ಮೋ ಮಕ್ಕಳಲ್ಲಿ ಆಸ್ತಮಾ ಅಲರ್ಜಿ ಇರೋರೇ ಎಷ್ಟೋ ಜನ, ಪಿಸಿಡಿ ಇರೋ ಒಂದು ಮಗುವನ್ನ ಇಡೀ ವೃತ್ತಿಜೀವನದಲ್ಲಿ ನೋಡದೇ ಇರೋ ಡಾಕ್ಟರೂ ಇರಬಹುದು. ಇನ್‌ಹೇಲರ್ ಸರಿಯಾಗಿ ತಗೊಂಡ್ರೂ ಕಫದ ಕೆಮ್ಮು ಹಾಗೇ ಇದೆ ಅಂದಾಗ ಡೋಸ್ ಏರಿಸೋ ಬದಲು "ಇದು ಆಸ್ತಮಾನೇ ಹೌದಾ" ಅಂತ ನಿಂತು ಕೇಳ್ಬೇಕು, ಆ ಪ್ರಶ್ನೆಯೇ ಎಷ್ಟೋ ಸಲ ಬರೋದಿಲ್ಲ.

ಕಿವಿದು ಇನ್ನೊಂದು ದಾರಿ. ಮಧ್ಯಕಿವಿಯಲ್ಲಿ ಅಂಟುನೀರು ನಿಂತು ಕೇಳ್ಸೋದು ಮಂದ ಆಗುತ್ತೆ, ಮಗು ಮಾತು ತಡ ಮಾಡುತ್ತೆ, ಕ್ಲಾಸಲ್ಲಿ ಗಮನ ಕೊಡಲ್ಲ ಅಂತ ಟೀಚರ್ ದೂರು ಹೇಳ್ತಾರೆ. ಮೈಸೂರಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇರೋದ್ರಿಂದ ಈ ಕಡೆ ಜನಕ್ಕೆ ಕಿವಿ ಪರೀಕ್ಷೆ ಮಾಡಿಸೋದು ಹೊಸದಲ್ಲ. ಆದ್ರೆ ಕಿವಿ ತೋರಿಸೋಕೆ ಹೋದಾಗ ನಾವು ಕೆಮ್ಮಿನ ಚೀಟಿ ತಗೊಂಡು ಹೋಗಲ್ಲ, ಕೆಮ್ಮಿಗೆ ಹೋದಾಗ ಕಿವಿ ವಿಷಯ ಎತ್ತಲ್ಲ.

ಸ್ವಲ್ಪ ದೊಡ್ಡವರಾದ ಮೇಲೆ ಟಿಬಿ ಅನುಮಾನ. ತಿಂಗಳುಗಟ್ಟಲೆ ಕಫ, ಎಕ್ಸ್‌ರೇಯಲ್ಲಿ ಕಲೆ ಅಂದ್ರೆ ನಮ್ಮ ದೇಶದಲ್ಲಿ ಮೊದಲು ಟಿಬಿ ನೋಡ್ಲೇಬೇಕು, ಅದು ಸರಿಯಾದ ಕ್ರಮ. ತೊಂದರೆ ಬರೋದು ಕಫದಲ್ಲಿ ಕ್ರಿಮಿ ಸಿಗದೇ ಇದ್ದರೂ ಟಿಬಿ ಅಂತಲೇ ಮುಂದುವರೆದಾಗ. ಸಿಟಿ ಸ್ಕ್ಯಾನಲ್ಲಿ ಹಿಗ್ಗಿದ ಶ್ವಾಸನಾಳ ಕಂಡ್ರೂ "ಹಿಂದೆ ಟಿಬಿ ಆಗಿ ಹೋಗಿರ್ಬೇಕು" ಅನ್ನೋ ಊಹೆ ಸುಲಭ, ಅದಕ್ಕೆ ಆಧಾರನೂ ಇದೆ. ಭಾರತದಲ್ಲಿ ಬ್ರಾಂಕಿಯೆಕ್ಟೇಸಿಸ್ ಇರೋ 2195 ಜನರ ಮಾಹಿತಿ 2019ರಲ್ಲಿ ಪ್ರಕಟ ಆದಾಗ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನಕ್ಕೆ ಕಾರಣ ಹಳೇ ಟಿಬಿಯೇ ಆಗಿತ್ತು. ಹಾಗಾಗಿ ಮಿಕ್ಕವರನ್ನೂ ಅದೇ ಲೆಕ್ಕಕ್ಕೆ ಸೇರಿಸೋದು ಸುಲಭ ಆಗಿಬಿಡುತ್ತೆ.

ಎಕ್ಸ್‌ರೇ ವಿಷಯ ಒಂದು ಹೇಳ್ಲೇಬೇಕು. ಫಿಲ್ಮಿನ ಮೂಲೇಲಿ ಎಲ್ ಅಥವಾ ಆರ್ ಅಂತ ಒಂದು ಅಕ್ಷರ ಇರುತ್ತೆ, ಎಡ ಯಾವುದು ಬಲ ಯಾವುದು ಅಂತ ತೋರಿಸೋಕೆ. ಹೃದಯದ ನೆರಳು ಬಲಕ್ಕೆ ಕಂಡಾಗ ಗಡಿಬಿಡಿಯಲ್ಲಿ ನೋಡೋರು ಫಿಲ್ಮೇ ತಿರುಗುಮುರುಗಾಗಿದೆ ಅಂದುಕೊಂಡು ತಿರುಗಿಸಿ ನೋಡಿಬಿಡ್ತಾರೆ. ನಮ್ಮ ಹುಡುಗನ ಮೂರು ವರ್ಷದ ಹಳೇ ಎಕ್ಸ್‌ರೇ ಅಟ್ಟದ ಮೇಲಿನ ಟ್ರಂಕಲ್ಲಿ ಸಿಕ್ತು, ಹಳದಿ ಕವರು, ಅಂಚಲ್ಲಿ ಜಿರಲೆ ತಿಂದಿತ್ತು. ಮೂಲೆ ಅಕ್ಷರವನ್ನ ಸರಿಯಾಗಿ ಇಟ್ಟು ಬೆಳಕಿಗೆ ಹಿಡಿದ್ರೆ ಹೃದಯದ ಚೂಪು ತುದಿ ಬಲಕ್ಕೆ, ಹೊಟ್ಟೆಯ ಗಾಳಿಗುಳ್ಳೆನೂ ಬಲಕ್ಕೆ. ಜೊತೆಗಿದ್ದ ರಿಪೋರ್ಟಲ್ಲಿ ಹೃದಯ ನಾರ್ಮಲ್ ಅಂತ ಬರೆದಿತ್ತು.

ಇನ್ನು ಕೆಲವರದ್ದು ಗೊತ್ತಾಗೋದು ಮದುವೆ ಆದ್ಮೇಲೆ. ಮಕ್ಕಳಾಗ್ತಿಲ್ಲ ಅಂತ ಪರೀಕ್ಷೆ ಮಾಡಿಸಿದಾಗ ವೀರ್ಯಾಣು ಇದಾವೆ ಆದ್ರೆ ಚಲಿಸ್ತಿಲ್ಲ ಅಂತ ತಿಳಿಯುತ್ತೆ. ಆ ಡಾಕ್ಟ್ರು "ನಿಮಗೆ ಚಿಕ್ಕಂದಿನಿಂದ ಕೆಮ್ಮು, ಸೈನಸ್ ಏನಾದ್ರೂ ಇದೆಯಾ" ಅಂತ ಕೇಳಿದ್ರೆ ಸರಿ, ಕೇಳದಿದ್ರೆ ಅಲ್ಲೂ ತಪ್ಪಿಹೋಯ್ತು.

ಒಂದು ಟೆಸ್ಟ್ ಮಾಡಿ ಹೌದು ಅಲ್ಲ ಅಂತ ಹೇಳೋಕಾಗಲ್ವಾ?

ಆಗಲ್ಲ, ಅದೇ ಎರಡನೇ ತೊಡಕು. ಶುಗರ್‌ಗೆ ರಕ್ತ ಕೊಟ್ಟು ಸಂಜೆ ರಿಪೋರ್ಟ್ ತಗೊಂಡ ಹಾಗೆ ಇಲ್ಲಿ ಆಗಲ್ಲ. ಇರೋ ಟೆಸ್ಟುಗಳಲ್ಲಿ ಪ್ರತಿಯೊಂದೂ ಕೆಲವರನ್ನ ಬಿಟ್ಟುಬಿಡುತ್ತೆ, ಹಾಗಾಗಿ ಎರಡು ಮೂರು ಸೇರಿಸಿ ನೋಡ್ಬೇಕು.

ಮೂಗಿನ ನೈಟ್ರಿಕ್ ಆಕ್ಸೈಡ್ ಅಳೆಯೋದು ಒಂದು. ಆರೋಗ್ಯವಾಗಿರೋರ ಸೈನಸ್‌ಗಳಲ್ಲಿ ಈ ಅನಿಲ ಚೆನ್ನಾಗಿ ಉತ್ಪತ್ತಿ ಆಗುತ್ತೆ, ಪಿಸಿಡಿ ಇರೋ ಬಹಳಷ್ಟು ಜನರ ಮೂಗಲ್ಲಿ ತೀರಾ ಕಮ್ಮಿ ಇರುತ್ತೆ. ನೋವಿಲ್ಲ, ಮೂಗಿನ ಹೊಳ್ಳೆಗೆ ಕೊಳವೆ ಇಟ್ಟು ಗಾಳಿ ಎಳೀತಾರೆ. ಆದ್ರೆ ಆ ಹೊತ್ತಲ್ಲಿ ಮಗು ಹೇಳಿದ ಹಾಗೆ ಬಾಯಿಂದ ತಡೆದು ಉಸಿರು ಬಿಡ್ಬೇಕು, ಐದು ವರ್ಷದ ಒಳಗಿನ ಮಕ್ಕಳು ಮಾಡೋದು ಕಷ್ಟ. ಮಷೀನು ಎಲ್ಲ ಊರಲ್ಲೂ ಇರೋದಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಅನ್ನೋ ಇನ್ನೊಂದು ವಂಶವಾಹಿ ಕಾಯಿಲೆಯಲ್ಲೂ ಈ ಅಂಕಿ ಇಳಿಯುತ್ತೆ, ಅದಕ್ಕೇ ಬೆವರಿನ ಉಪ್ಪಿನಂಶ ಅಳೆಯೋ ಟೆಸ್ಟ್ ಮಾಡಿ ಅದನ್ನ ಮೊದಲು ತಳ್ಳಿಹಾಕ್ಬೇಕು. ಕೆಲವು ಬಗೆಯ ಪಿಸಿಡಿಯಲ್ಲಿ ಅಂಕಿ ನಾರ್ಮಲ್ಲಾಗೇ ಇರುತ್ತೆ.

ಎರಡನೇದು ಸಿಲಿಯಾನ ಜೀವಂತವಾಗಿ ನೋಡೋದು. ಮೂಗಿನ ಒಳಗೆ ಒಂದು ತೆಳ್ಳನೆ ಬ್ರಷ್ ಹಾಕಿ ಪಕ್ಕದ ಗೋಡೆಗೆ ತಾಗಿಸಿ ತಿರುಗಿಸ್ತಾರೆ. ಕೆಲವು ಸೆಕೆಂಡಿನ ಕೆಲಸ. ಕಣ್ಣಲ್ಲಿ ನೀರು ಬರುತ್ತೆ, ಒಂದೆರಡು ಸೀನು ಬರುತ್ತೆ, ಒಂದು ಹನಿ ರಕ್ತ ಕಂಡ್ರೂ ಕಾಣಬಹುದು. ಬ್ರಷ್‌ನ ದ್ರಾವಣದಲ್ಲಿ ಅದ್ದಿ ಅಲ್ಲಾಡಿಸಿದಾಗ ಬಿದ್ದ ಜೀವಕೋಶಗಳನ್ನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಸೆಕೆಂಡಿಗೆ 500 ಚಿತ್ರ ತೆಗೆಯೋ ಕ್ಯಾಮೆರಾದಲ್ಲಿ ವೀಡಿಯೋ ಮಾಡಿ, ನಿಧಾನಕ್ಕೆ ಓಡಿಸಿ ನೋಡ್ತಾರೆ. ಇಲ್ಲಿ ಎರಡು ಕಷ್ಟ. ಸ್ಯಾಂಪಲ್ ಬಿಸಿ ಆರದೆ ಕೆಲವೇ ಗಂಟೆಯಲ್ಲಿ ನೋಡ್ಬೇಕು, ಮಂಡ್ಯದಲ್ಲಿ ತೆಗೆದು ಕೊರಿಯರಲ್ಲಿ ಕಳಿಸೋಕಾಗಲ್ಲ. ಮತ್ತೆ ಸಾಮಾನ್ಯ ನೆಗಡಿ ಆದಾಗಲೂ ಎಲ್ಲರ ಸಿಲಿಯಾ ಕೆಲವು ವಾರ ಹದಗೆಟ್ಟಿರುತ್ತೆ, ಹಾಗಾಗಿ ನೆಗಡಿ ಇಲ್ಲದ ಸಮಯದಲ್ಲಿ ಸ್ಯಾಂಪಲ್ ತೆಗೀಬೇಕು. ಮೂಗು ಸೋರೋದು ನಿಲ್ಲದ ಮಗುಗೆ ಆ ಸಮಯ ಹುಡುಕೋದೇ ಒಂದು ಕೆಲಸ. ಅನುಮಾನ ಬಂದ್ರೆ ಮತ್ತೆ ಬ್ರಷ್ ಮಾಡ್ಬೇಕು.

ಮೂರನೇದು ಎಲೆಕ್ಟ್ರಾನ್ ಮೈಕ್ರೋಸ್ಕೋಪು. ಬ್ರಷ್ಷಿನ ಅದೇ ಜೀವಕೋಶಗಳನ್ನ ರಾಸಾಯನಿಕದಲ್ಲಿ ಇಟ್ಟು ದೂರಕ್ಕೆ ಕಳಿಸಬಹುದು, ಕತ್ತರಿಸಿದ ಸಿಲಿಯಾದಲ್ಲಿ ಡೈನೀನ್ ಕೈ ಇದೆಯಾ, ಮಧ್ಯದ ಜೋಡಿ ಇದೆಯಾ ಅಂತ ನೇರವಾಗಿ ಕಾಣುತ್ತೆ. ಕೈ ಇಲ್ಲ ಅಂತ ಸ್ಪಷ್ಟವಾಗಿ ಕಂಡ್ರೆ ರೋಗ ಖಚಿತ. ಆದ್ರೆ ಎಲ್ಲ ಸರಿಯಾಗೇ ಕಂಡ್ರೆ ರೋಗ ಇಲ್ಲ ಅಂತ ಅರ್ಥ ಅಲ್ಲ. ಪಿಸಿಡಿ ಇರೋರಲ್ಲೇ ನೂರಕ್ಕೆ 20ರಿಂದ 30 ಜನರ ಸಿಲಿಯಾ ನೋಡೋಕೆ ಸರಿಯಾಗೇ ಇರುತ್ತೆ. ಡಿಎನ್‌ಎಎಚ್11 ಅನ್ನೋ ಜೀನ್ ಕೆಟ್ಟವರಲ್ಲಿ ಹೀಗೇ ಆಗೋದು, ಕಟ್ಟಡ ಚೆನ್ನಾಗಿದೆ, ಚಲನೆ ಕೆಟ್ಟಿದೆ.

ನಾಲ್ಕನೇದು ಜೀನ್ ಪರೀಕ್ಷೆ. ಮೈಸೂರಲ್ಲಿ ಕೂತು ಮಾಡಿಸಬಹುದಾದ್ದು ಇದೇ, ಯಾಕಂದ್ರೆ ರಕ್ತ ತೆಗೆದು ಲ್ಯಾಬಿಗೆ ಕಳಿಸಿದ್ರೆ ಸಾಕು. ಪಿಸಿಡಿ ಇರೋ ಸುಮಾರು 70ರಿಂದ 80 ಪರ್ಸೆಂಟ್ ಜನರಲ್ಲಿ ಇದರಿಂದ ಕಾರಣ ಸಿಗುತ್ತೆ. ಮಿಕ್ಕವರ ಜೀನ್ ಇನ್ನೂ ಪತ್ತೆ ಆಗಿಲ್ಲದೇ ಇರಬಹುದು, ಹಾಗಾಗಿ ಇದೂ ನೆಗೆಟಿವ್ ಬಂದ ಮಾತ್ರಕ್ಕೆ ಮುಗೀಲಿಲ್ಲ. ಇನ್ನೊಂದು ಸಮಸ್ಯೆ ಅಂದ್ರೆ ರಿಪೋರ್ಟಲ್ಲಿ ಎಷ್ಟೋ ಸಲ "ಮಹತ್ವ ಖಚಿತವಿಲ್ಲದ ಬದಲಾವಣೆ" ಅಂತ ಬರುತ್ತೆ. ಜೀನಲ್ಲಿ ಒಂದು ಅಕ್ಷರ ಬೇರೆ ಇದೆ, ಅದು ಕಾಯಿಲೆ ತರೋದಾ ಸುಮ್ಮನೆ ಇರೋದಾ ಹೇಳೋಕಾಗಲ್ಲ ಅಂತ. ಇಂಥ ತೀರ್ಮಾನ ಮಾಡೋಕೆ ಬಳಸೋ ದತ್ತಾಂಶದಲ್ಲಿ ಭಾರತದವರ ಪಾಲು ಕಮ್ಮಿ ಇರೋದ್ರಿಂದ ನಮ್ಮವರ ರಿಪೋರ್ಟಲ್ಲಿ ಈ ಗೊಂದಲ ಜಾಸ್ತಿ. ಆಗ ಅಪ್ಪ ಅಮ್ಮನ ರಕ್ತನೂ ನೋಡ್ಬೇಕಾಗುತ್ತೆ, ಇಬ್ಬರಿಂದಲೂ ಆ ಜೀನಿನ ಒಂದೊಂದು ಕೆಟ್ಟ ಪ್ರತಿ ಬಂದಿದೆಯಾ ಅಂತ.

ಸಂಬಂಧದಲ್ಲಿ ಮದುವೆ ಅನ್ನೋ ವಿಷಯ

ಪಿಸಿಡಿಯ ಬಹುಪಾಲು ಬಗೆಗಳಲ್ಲಿ ಮಗುಗೆ ಕಾಯಿಲೆ ಬರ್ಬೇಕು ಅಂದ್ರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡೂ ಕೆಟ್ಟ ಪ್ರತಿ ಬರಬೇಕು. ಒಂದೇ ಕೆಟ್ಟ ಪ್ರತಿ ಇರೋರಿಗೆ ಏನೂ ತೊಂದರೆ ಇರಲ್ಲ, ಅವರಿಗೆ ಅದು ಗೊತ್ತೂ ಇರಲ್ಲ. ಇಬ್ಬರೂ ಅಂಥವರಾದ್ರೆ ಪ್ರತಿ ಬಸುರಿಯಲ್ಲೂ ಮಗುಗೆ ಕಾಯಿಲೆ ಬರೋ ಸಾಧ್ಯತೆ ನಾಲ್ಕಕ್ಕೊಂದು. ಮೊದಲ ಮಗುಗೆ ಬಂತು ಅಂತ ಮುಂದಿನ ಮೂರು ಪಾರಾದವು ಅಂತಲ್ಲ, ಪ್ರತಿ ಸಲವೂ ಅದೇ ಲೆಕ್ಕ.

ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಅಕ್ಕನ ಮಗಳನ್ನ ತಂದ್ಕೊಳ್ಳೋದು, ಅತ್ತೆ ಮಗಳು ಮಾವನ ಮಗ ಅಂತ ಮಾಡ್ಕೊಳ್ಳೋದು ಇವತ್ತಿಗೂ ಇದೆ. ಒಂದೇ ಅಜ್ಜ ಅಜ್ಜಿಯಿಂದ ಇಳಿದು ಬಂದವರಾದ್ರೆ ಅದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರೋ ಸಾಧ್ಯತೆ ಹೆಚ್ಚು. ಇಂಗ್ಲೆಂಡಿನ ಬ್ರಾಡ್‌ಫರ್ಡಲ್ಲಿ ರಕ್ತಸಂಬಂಧದ ಮದುವೆ ಹೆಚ್ಚಿರೋ ಏಷ್ಯನ್ ಸಮುದಾಯವನ್ನ ನೋಡಿದಾಗ 2265ಕ್ಕೆ ಒಬ್ಬರಲ್ಲಿ ಪಿಸಿಡಿ ಕಂಡಿತ್ತು. ಪ್ರಪಂಚದ ಮಟ್ಟದಲ್ಲಿ ಜೀನ್ ಮಾಹಿತಿ ಇಟ್ಕೊಂಡು 2022ರಲ್ಲಿ ಮಾಡಿದ ಅಂದಾಜು ಸುಮಾರು 7500ಕ್ಕೆ ಒಬ್ಬರು. ಕಮ್ಮಿ ಇರೋ ಈ ಅಂದಾಜನ್ನೇ ಹಿಡಿದು 2011ರ ಜನಗಣತಿಯಲ್ಲಿ 18 ಲಕ್ಷ ಜನ ಇದ್ದ ಮಂಡ್ಯ ಜಿಲ್ಲೆಗೆ ಹಾಕಿದ್ರೂ 240 ಜನ ಆಗ್ತಾರೆ. ಇದು ಬರೀ ಭಾಗಾಕಾರದ ಲೆಕ್ಕ, ಯಾರೂ ಮನೆ ಮನೆಗೆ ಹೋಗಿ ಎಣಿಸಿದ್ದಲ್ಲ, ಆದ್ರೆ "ಅಪರೂಪ" ಅಂದ್ರೆ ನಮ್ಮೂರಲ್ಲಿ ಯಾರಿಗೂ ಇರಲ್ಲ ಅಂತ ಅರ್ಥ ಅಲ್ಲ ಅನ್ನೋದಕ್ಕೆ ಹೇಳಿದೆ.

ಇದರಲ್ಲಿ ಯಾರ ತಪ್ಪೂ ಇಲ್ಲ. ಸಂಬಂಧವೇ ಇಲ್ಲದ ಗಂಡ ಹೆಂಡತಿಯ ಮಕ್ಕಳಲ್ಲೂ ಪಿಸಿಡಿ ಬರುತ್ತೆ. ಮನೆಯಲ್ಲಿ ಸೊಸೆ ಕಡೆಗೆ ಬೆರಳು ತೋರಿಸೋರಿದ್ರೆ ಅವರಿಗೆ ಒಂದು ಮಾತು ಗೊತ್ತಿರಲಿ, ಸಾಮಾನ್ಯವಾಗಿ ಎರಡೂ ಕಡೆಯಿಂದ ಬಂದ್ರೆ ಮಾತ್ರ ಈ ಕಾಯಿಲೆ ಬರೋದು.

ಅನುಮಾನ ಇದ್ರೆ ಎಲ್ಲಿಂದ ಶುರು ಮಾಡೋದು

ಡಾಕ್ಟರುಗಳು ಮುಖ್ಯವಾಗಿ ನೋಡೋದು ನಾಲ್ಕು ಗುರುತು. ದಿನ ತುಂಬಿ ಹುಟ್ಟಿದ್ರೂ ಉಸಿರಾಟಕ್ಕೆ ಕಷ್ಟ ಆಗಿ ಆಕ್ಸಿಜನ್ ಬೇಕಾಗಿದ್ದು, ಮೊದಲ ಆರು ತಿಂಗಳಲ್ಲೇ ಶುರುವಾಗಿ ವರ್ಷವಿಡೀ ಇರೋ ಕಫದ ಕೆಮ್ಮು, ಅದೇ ಥರ ವರ್ಷವಿಡೀ ಕಟ್ಟೋ ಮೂಗು, ಅಂಗಗಳ ಎಡಬಲ ವ್ಯತ್ಯಾಸ. ಎರಡೋ ಮೂರೋ ಒಟ್ಟಿಗೆ ಇದ್ರೆ ಪಿಸಿಡಿ ಯೋಚನೆ ಮಾಡಲೇಬೇಕು.

ಹೊಸ ಟೆಸ್ಟಿಗೆ ಓಡೋ ಮುಂಚೆ ಹಳೇ ಕಾಗದ ಒಟ್ಟು ಮಾಡಿ ಅಂತ ನಾನು ಹೇಳೋದು. ಹೆರಿಗೆ ಆದ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಮಗುವನ್ನ ಎನ್ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇಟ್ಟಿದ್ರೆ ಅಲ್ಲಿನ ಚೀಟಿ, ತಾಯಿ ಕಾರ್ಡು, ಎಲ್ಲ ಎಕ್ಸ್‌ರೇ, ಕಿವಿ ಪರೀಕ್ಷೆ ರಿಪೋರ್ಟು. ಮಗು ಹುಟ್ಟಿ ಎಷ್ಟು ಗಂಟೆಗೆ ಮೇಲುಸಿರು ಬಂತು, ಎಷ್ಟು ದಿನ ಆಕ್ಸಿಜನ್ ಕೊಟ್ರು ಅನ್ನೋದು ಅದರಲ್ಲಿ ಬರೆದಿರುತ್ತೆ, ಆ ಎರಡು ಸಾಲು ಎಷ್ಟೋ ಸಲ ದುಬಾರಿ ಸ್ಕ್ಯಾನಿಗಿಂತ ಹೆಚ್ಚು ಹೇಳುತ್ತೆ. ಮಗು ಕೆಮ್ಮೋದನ್ನ ಫೋನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ, ಬೆಳಗ್ಗೆ ಎದ್ದ ತಕ್ಷಣದ್ದು ಒಂದು, "ಚೆನ್ನಾಗಿದಾನೆ" ಅಂತ ನಮಗನ್ಸೋ ದಿನದ್ದೂ ಒಂದು. ಇಷ್ಟನ್ನೂ ಒಂದೇ ಫೈಲಲ್ಲಿ ಹಾಕಿ ಮಕ್ಕಳ ಡಾಕ್ಟ್ರಿಗೆ ಅಥವಾ ಶ್ವಾಸಕೋಶದ ಡಾಕ್ಟ್ರಿಗೆ ತೋರಿಸಿ, "ಸರ್, ಇದು ಪಿಸಿಡಿ ಇರಬಹುದಾ ನೋಡ್ತೀರಾ" ಅಂತ ಬಾಯಿಬಿಟ್ಟು ಕೇಳಿ. ಕೇಳೋದ್ರಲ್ಲಿ ಸಂಕೋಚ ಬೇಡ.

ಮೈಸೂರು ಮಂಡ್ಯದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗ, ಇಎನ್‌ಟಿ, ಎದೆರೋಗ ವಿಭಾಗ ಒಂದೇ ಕಡೆ ಸಿಗೋದ್ರಿಂದ ಮೊದಲ ಹಂತ ಇಲ್ಲೇ ಆಗಬಹುದು. ಮುಂದಿನ ಹಂತಕ್ಕೆ ಬೆಂಗಳೂರು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ಪ್ರಕಾರ ಗುರುತಿಸಿರೋ ಕೇಂದ್ರಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಜೋಡಿ ಒಂದು. ಜೀನ್ ರಿಪೋರ್ಟನ್ನ ಬರೀ ಪಿಡಿಎಫ್ ಆಗಿ ತಗೊಂಡು ಗೂಗಲ್ ಮಾಡ್ತಾ ಕೂರಬೇಡಿ, ಜೆನೆಟಿಕ್ ಕೌನ್ಸೆಲಿಂಗ್ ಮಾಡೋರ ಜೊತೆ ಎದುರಿಗೆ ಕೂತು ಓದಿಸ್ಕೊಳ್ಳಿ.

ಗೊತ್ತಾದ್ರೆ ಏನು ಲಾಭ, ಔಷಧಿ ಇದೆಯಾ

ಸಿಲಿಯಾನ ಸರಿ ಮಾಡೋ ಔಷಧಿ ಇವತ್ತಿಗೆ ಇಲ್ಲ. ಆದ್ರೂ ಹೆಸರು ಗೊತ್ತಾದ ದಿನದಿಂದ ಮನೆಯಲ್ಲಿ ಮಾಡೋ ಎಷ್ಟೋ ಕೆಲಸ ಬದಲಾಗುತ್ತೆ. ಮೊದಲನೇದಾಗಿ ಕೆಮ್ಮು ತಡೆಯೋ ಸಿರಪ್ ನಿಲ್ಲಿಸ್ತಾರೆ. ಸಿಲಿಯಾ ಕೈಕೊಟ್ಟ ಮೇಲೆ ಕಫ ಹೊರಗೆ ಬರೋಕೆ ಉಳಿದಿರೋ ದಾರಿ ಕೆಮ್ಮೊಂದೇ, ಅದನ್ನೂ ಕಟ್ಟಿಹಾಕಿದ್ರೆ ಕಫ ಎಲ್ಲಿಗೆ ಹೋಗಬೇಕು.

ದಿನಾ ಬೆಳಗ್ಗೆ ಸಂಜೆ ಎದೆ ಫಿಸಿಯೋಥೆರಪಿ ಮಾಡ್ಬೇಕು. ನಮ್ಮ ಹುಡುಗ ಮಾಡೋದನ್ನ ಹತ್ತಿರದಿಂದ ನೋಡಿದ್ದೀನಿ. ನೆಬ್ಯುಲೈಸರಲ್ಲಿ ಉಪ್ಪುನೀರಿನ ಆವಿ ತಗೊಂಡು, ಗೋಡೆಗೆ ಒರಗಿ ಕೂತು ನಿಧಾನಕ್ಕೆ ಉದ್ದ ಉಸಿರು ಎಳೆದು ಮೂರು ಎಣಿಸೋವರೆಗೂ ಹಿಡೀತಾನೆ, ಆಮೇಲೆ ಬಾಯಿ ದೊಡ್ಡದಾಗಿ ತೆಗೆದು ಗಂಟಲು ಬಿಗಿ ಮಾಡ್ದೆ ಹೊಟ್ಟೆಯಿಂದ ಜೋರಾಗಿ "ಹಾ" ಅಂತ ಉಸಿರು ತಳ್ತಾನೆ. ಎರಡು ಮೂರು ಸಲಕ್ಕೆ ಕಫ ಮೇಲೆ ಬಂದಿರೋ ಸದ್ದು ಕೇಳುತ್ತೆ, ಆಗ ಒಂದೇ ಕೆಮ್ಮಿಗೆ ಹೊರಗೆ. ಅವರಜ್ಜಿ ಪಕ್ಕದಲ್ಲಿ ಬಟ್ಟಲು ಹಿಡ್ಕೊಂಡು ಕೂತು ಕಫದ ಬಣ್ಣ ನೋಡ್ತಾರೆ, ಹಸಿರಾಯ್ತು ಅಂದ್ರೆ ಡಾಕ್ಟ್ರಿಗೆ ಫೋನು. ಆಗಾಗ ಕಫದ ಕಲ್ಚರ್ ಮಾಡಿಸಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ನೋಡಿ ಅದಕ್ಕೇ ಸರಿಯಾದ ಆಂಟಿಬಯೋಟಿಕ್ ಕೊಡ್ತಾರೆ. ವಾರಕ್ಕೆ ಮೂರು ದಿನದ ಹಾಗೆ ಆರು ತಿಂಗಳು ಅಜಿತ್ರೋಮೈಸಿನ್ ಕೊಟ್ಟು ಯುರೋಪಲ್ಲಿ ಮಾಡಿದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು, ಪಿಸಿಡಿ ಇರೋರಲ್ಲಿ ಎದೆ ಸೋಂಕು ಉಲ್ಬಣ ಆಗೋದು ಸುಮಾರು ಅರ್ಧಕ್ಕೆ ಇಳಿದಿತ್ತು. ಇದು ಯಾರಿಗೆ ಕೊಡ್ಬೇಕು ಅನ್ನೋದು ಡಾಕ್ಟರು ನಿರ್ಧಾರ ಮಾಡೋದು, ಮೆಡಿಕಲ್ ಶಾಪಿಂದ ನಾವೇ ತಂದು ನುಂಗಿಸೋದಲ್ಲ.

ಫ್ಲೂ ಮತ್ತೆ ನ್ಯುಮೋಕಾಕಲ್ ಲಸಿಕೆ ಹಾಕಿಸ್ತಾರೆ. ಕಿವಿ ಪರೀಕ್ಷೆ ನಿಗದಿತವಾಗಿ ಮಾಡಿಸಿ ಬೇಕಿದ್ರೆ ಹಿಯರಿಂಗ್ ಏಡ್ ಹಾಕ್ತಾರೆ, ಕಿವಿ ಪರದೆಗೆ ಕೊಳವೆ ಹಾಕೋ ಆಪರೇಷನ್ ಮಾಡಿದ್ರೆ ಈ ಮಕ್ಕಳಲ್ಲಿ ಕಿವಿ ಸೋರೋದು ತಿಂಗಳುಗಟ್ಟಲೆ ನಿಲ್ಲದೇ ಇರಬಹುದು, ಹಾಗಾಗಿ ಇಎನ್‌ಟಿ ಡಾಕ್ಟ್ರಿಗೆ ಪಿಸಿಡಿ ಅಂತ ಮೊದಲೇ ಹೇಳಿಬಿಡ್ಬೇಕು. ಮನೆಯಲ್ಲಿ ಬೀಡಿ ಸಿಗರೇಟು ಸೇದೋರು ನಿಲ್ಲಿಸ್ಬೇಕು, ಸೌದೆ ಒಲೆ ಇದ್ರೆ ಮಗುವನ್ನ ಆ ಹೊಗೆಯಿಂದ ದೂರ ಇಡ್ಬೇಕು. ಆಟ ಓಟ ಬಿಡಿಸ್ಬೇಡಿ, ಓಡಿದಷ್ಟೂ ಕಫ ಸಡಿಲ ಆಗುತ್ತೆ. ಹೃದಯ ಬಲಕ್ಕೆ ಇರೋರಾದ್ರೆ ಆ ವಿಷಯ ಬರೆದ ಚೀಟಿ ಯಾವಾಗ್ಲೂ ಜೊತೆಗಿರಲಿ, ಇಸಿಜಿ ತೆಗೆಯೋವಾಗ, ಹೊಟ್ಟೆನೋವು ಅಂತ ಹೋದಾಗ ಬೇಕಾಗುತ್ತೆ, ಅವರ ಅಪೆಂಡಿಕ್ಸ್ ನೋವು ಎಡಗಡೆ ಬರಬಹುದು. ಮುಂದೆ ಮಕ್ಕಳಾಗೋದು ಕಷ್ಟ ಆದ್ರೂ, ವೀರ್ಯಾಣುವನ್ನ ನೇರವಾಗಿ ಅಂಡಾಣುವಿಗೆ ಸೇರಿಸೋ ಚಿಕಿತ್ಸೆ ಇರೋದ್ರಿಂದ ಎಷ್ಟೋ ಜನ ತಂದೆ ಆಗಿದಾರೆ.

ಒಂದು ಮಗುಗೆ ಪತ್ತೆ ಆದ ಮೇಲೆ ಒಡಹುಟ್ಟಿದವರನ್ನೂ ನೋಡಿಸ್ಬೇಕು. ತಂಗಿಗೂ ಸದಾ ಮೂಗು ಕಟ್ಟುತ್ತೆ ಅಂದ್ರೆ ಅವಳಿಗೆ ಮತ್ತೆ ಆಸ್ತಮಾ, ಟಿಬಿ ಅಂತ ಅದೇ ಸುತ್ತು ಹಾಕಿಸೋದು ಬೇಡ. ಅಣ್ಣನಲ್ಲಿ ಯಾವ ಜೀನಲ್ಲಿ ಎಲ್ಲಿ ಬದಲಾಗಿದೆ ಅಂತ ಗೊತ್ತಿರೋದ್ರಿಂದ ಆ ಒಂದು ಜಾಗ ಮಾತ್ರ ನೋಡಿದ್ರೆ ಸಾಕು, ಖರ್ಚೂ ಕಮ್ಮಿ. ಆ ಮನೆಯಲ್ಲಿ ಇನ್ನೊಂದು ಮಗು ಹುಟ್ಟೋದಿದ್ರೆ ಹೆರಿಗೆಗೆ ಮುಂಚೆಯೇ ಡಾಕ್ಟ್ರಿಗೆ ಅಣ್ಣನ ರಿಪೋರ್ಟ್ ತೋರಿಸಿಟ್ರೆ, ಕೂಸಿಗೆ ಮಾರನೇ ದಿನ ಮೇಲುಸಿರು ಬಂದ್ರೂ ಏನು ಹುಡುಕ್ಬೇಕು ಅಂತ ಅವರಿಗೆ ಮೊದಲೇ ಗೊತ್ತಿರುತ್ತೆ.